ಕೆರೆಯಂಚಿನ ಹುಲ್ಲು

ಭರಮಸಾಗರದ ಕೆರೆ ತುಂಬಿದ ವರ್ಷ ಊರೆಲ್ಲ ಹಿಗ್ಗಿತ್ತು. ಮಲ್ಲಕ್ಕನಿಗೆ ಮಾತ್ರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮೂವತ್ತು ವರ್ಷ ಕುರಿಗಳ ಹಿಂದೆಯೇ ನಡೆದವಳು ಅವಳು. ಆದರೂ, ಹೊಟ್ಟೆ ತುಂಬ ಹಸಿರು ಮೇಯುವ ಕುರಿಗಳು ಯಾಕೆ ಬಡಕಲಾಗುತ್ತಿವೆಯೆಂದು ತಿಳಿಯದಾಯಿತು. ಒಂದೊಂದಕ್ಕೇ ಗದ್ದದ ಕೆಳಗೆ ಬಾವು ಜೋತುಬಿತ್ತು. ವಾರದಲ್ಲಿ ನಾಲ್ಕು ಸತ್ತವು.

"ದೃಷ್ಟಿ ಬಿದ್ದೈತೆ, ನಿವಾಳಿಸಿ ಹಾಕು," ಎಂದ ಗಂಡ ಪಾಪಣ್ಣ.

ಅದೂ ಆಯಿತು. ಐದನೆಯದು ಸತ್ತ ಬೆಳಗ್ಗೆ ಅವಳು ಅದನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರ್ ಬೃಂದಾ ಹೊಟ್ಟೆ ಕೊಯ್ದು ಪಿತ್ತಜನಕಾಂಗ ಹಿಚುಕಿದರು. ಎಲೆಯಂತೆ ಚಪ್ಪಟೆಯಾದ ಹುಳುಗಳು ಹೊರಬಂದವು.

"ಎಲ್ಲಿ ಮೇಯಿಸ್ತೀರಿ?"

"ಕೆರೆ ಅಂಚಿಗೆ ಕಣಮ್ಮ. ಮೊಣಕಾಲುದ್ದ ಹುಲ್ಲು ಐತೆ."

"ಅದೇ ನೋಡ್ರಿ. ನೀರು ನಿಂತಲ್ಲಿ ಬಸವನಹುಳು ಆಗ್ತಾವೆ. ಈ ಹುಳದ ಮರಿ ಅದರ ಮೈಯಾಗೆ ಬೆಳೆದು, ಹೊರಗೆ ಬಂದು ಹುಲ್ಲಿಗೆ ಅಂಟ್ಕಂತಾವೆ. ಹುಲ್ಲಿನ ಜೊತೆ ಕುರಿ ಹೊಟ್ಟೆ ಸೇರ್ತಾವೆ. ಔಷಧಿ ಕೊಡ್ತೀನಿ. ಮತ್ತೆ ಅಲ್ಲಿಗೇ ಹೊಡ್ಕಂಡು ಹೋದ್ರೆ ಮಾತ್ರ ಏನೂ ಉಪಯೋಗಿಲ್ಲ."

ಸಂಜೆಯೇ ಅವಳು ಕೆರೆಯಂಚಿನ ಕೆಸರು ಕೆದಕಿದಳು. ಕಡಲೆಕಾಳಿನಷ್ಟು ಗಾತ್ರದ ಬಸವನಹುಳುಗಳು, ಕೈತುಂಬ. ಕೆರೆ ಬತ್ತಿದ್ದ ವರ್ಷಗಳಲ್ಲಿ ಅವನ್ನು ಕಂಡ ನೆನಪಿಲ್ಲ. ತಾನು ಶಪಿಸುತ್ತಿದ್ದ ಆ ಒಣ ನೆಲವೇ ಇಷ್ಟು ದಿನ ಮಂದೆಯನ್ನು ಕಾದಿತ್ತೇ?

ಔಷಧಿ ಕುಡಿಸಿ, ಮರುದಿನ ಕುರಿಗಳನ್ನು ಕಲ್ಲುಗುಡ್ಡದ ಕಡೆ ತಿರುಗಿಸಿದಳು. ಪಾಪಣ್ಣ ಅಡ್ಡ ಬಂದ. "ಲೇ, ಹಸಿರು ಬಿಟ್ಟು ಕಲ್ಲು ಮೇಯಿಸ್ತೀಯೇನೆ?"

"ಅರೆಹೊಟ್ಟೆಯಾಗಾದ್ರೂ ಬದುಕ್ಲಿ. ದಾರಿ ಬಿಡು."

ಗುಡ್ಡದಲ್ಲಿ ಒಣಹುಲ್ಲು, ಜಾಲಿಕಾಯಿ, ಬಿಡುವಿಲ್ಲದ ಗಾಳಿ. ಕುರಿಗಳು ಕೆರೆಯತ್ತ ಮುಖಮಾಡಿ ಅರಚುತ್ತಿದ್ದವು, ಅವಳು ಕೂತರೆ ನುಸುಳಿ ಓಡುತ್ತಿದ್ದವು. ನಿಂತೇ ರೊಟ್ಟಿ ತಿಂದಳು. ದಿನಕ್ಕೆ ಹತ್ತು ಸಲ ಒಂದೊಂದರ ಗದ್ದ ಮುಟ್ಟಿ ನೋಡಿದಳು. ಮೊದಲ ವಾರ ಇನ್ನೂ ಮೂರು ಸತ್ತಾಗ, ತಪ್ಪು ತನ್ನದೇ ಏನೋ ಎನಿಸಿತು.

ತಿಂಗಳು ಕಳೆಯುವಷ್ಟರಲ್ಲಿ ಬಾವು ಇಳಿಯಿತು. ನಲವತ್ತೆರಡು ಕುರಿ ಉಳಿದವು. ಒಂದು ಮಧ್ಯಾಹ್ನ ಪಾಪಣ್ಣ ಬೋರ್‌ವೆಲ್ ನೀರಿನ ಡ್ರಮ್ಮನ್ನು ಗಾಡಿಯಲ್ಲಿ ಹೇರಿಕೊಂಡು ಗುಡ್ಡ ಹತ್ತಿ ಬಂದ.

"ಕುಂತ್ಕ ಒಂದ್ಗಳಿಗೆ. ನಾನು ನೋಡ್ಕಂತೀನಿ."

ಕೂರುವಷ್ಟರಲ್ಲಿ ಕೆಳಗೆ ಊರಿನ ಇನ್ನೊಬ್ಬ ಕುರಿಗಾಹಿ ಎರ್ರಿಸ್ವಾಮಿಯ ಮಂದೆ ಕೆರೆಯತ್ತ ಹೊರಟಿದ್ದು ಕಂಡಿತು. ಅಲ್ಲಿ ಮೇಯಿಸಬೇಡವೆಂದು ಹೋದ ವಾರವಷ್ಟೇ ಹೇಳಿದ್ದಳು, ಅವನು ನಕ್ಕಿದ್ದ. ಮಲ್ಲಕ್ಕ ಕೋಲನ್ನು ಗಂಡನ ಕೈಗಿತ್ತು, ಸೆರಗು ಸಿಕ್ಕಿಸಿ, "ನಿಲ್ಲೋ ಎರ್ರಿಸ್ವಾಮಿ!" ಎಂದು ಕೂಗುತ್ತ ಗುಡ್ಡ ಇಳಿಯತೊಡಗಿದಳು.