ಕರಿ ಬಟ್ಟೆಯೊಳಗಿಂದ ಕೊಟ್ಟ ಉತ್ತರ

ನುಸಿಗೆ ಹಾಕುವ ಡಾಂಬರ ಗುಳಿಗೆ, ಹಳೇ ಚರ್ಮ, ಹಿತ್ತಾಳೆ. ಈ ಮೂರೂ ಬೆರೆತ ವಾಸನೆ ಮೊನ್ನೆ ಸದಾಶಿವನಗರದ ನನ್ನ ಬಾಡಿಗೆ ಮನೆಯಲ್ಲಿ ಕಾಕಾನ ಟ್ರಂಕು ತೆಗೆದ ಕೂಡಲೇ ಎದ್ದು ಬಂತು. ವಾಸನೆ ನೆನಪುಗಳನ್ನು ಹೊತ್ತು ತರುತ್ತದೆ ಎಂದು ಯಾರಾದರೂ ಬರೆದರೆ ಪುರಾವೆ ಕೇಳುವವಳು ನಾನು. ಆದರೆ ಟ್ರಂಕಿನಲ್ಲಿದ್ದ ಕರಿ ಬಟ್ಟೆಯನ್ನು ಕೈಗೆತ್ತಿಕೊಂಡಾಗ ಕೊರಳ ಹಿಂದೆ ಏಪ್ರಿಲ್ ತಿಂಗಳ ಬೆವರು ಇಳಿದಂತಾದದ್ದು ಸುಳ್ಳಲ್ಲ.

ಟಿಳಕವಾಡಿಯಲ್ಲಿ, ರೈಲಿನ ಸಿಳ್ಳೆ ಕೇಳುವಷ್ಟು ದೂರದಲ್ಲಿ ನಮ್ಮ ಮನೆ ಇತ್ತು. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದೆ. ನಮ್ಮ ಪಡಸಾಲೆ ಇದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಆ ಪಡಸಾಲೆಯ ತುಂಬ ಅಪ್ಪನ ತಮ್ಮ, ನನ್ನ ಕಾಕಾ, ಕೂಡಿಟ್ಟ ಹಳೇ ಕಟ್ಟಿಗೆ ಕ್ಯಾಮೆರಾಗಳು. ಒಟ್ಟು ಹನ್ನೊಂದು. ಬಂದವರು ಕೂಡಲು ಜಾಗವಿಲ್ಲದೆ ಸ್ಟ್ಯಾಂಡುಗಳ ಕಾಲು ದಾಟಿ ಸೀದಾ ಅಡಿಗೆಮನೆಗೇ ಹೋಗುತ್ತಿದ್ದರು. ಎಲ್ಲಕ್ಕೂ ದೊಡ್ಡದು ಖಾನಾಪುರದ ದಸ್ತಗೀರ ಚಾಚಾ ತಮ್ಮ ಸ್ಟುಡಿಯೋ ಮುಚ್ಚುವಾಗ ಕೊಟ್ಟದ್ದು. ಕಾಕಾ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಕಂಡಕ್ಟರ್ ಅದನ್ನು ಹಾರ್ಮೋನಿಯಂ ಎಂದು ತಿಳಿದು, “ಭಜನಿ ಎಲ್ಲೈತ್ರಿ?” ಎಂದು ಕೇಳಿದ್ದನಂತೆ. ಅವನ ತಪ್ಪೇನಿಲ್ಲ. ಲೆನ್ಸಿಗೂ ಹಿಂದಿನ ಗಾಜಿಗೂ ನಡುವೆ ಆಡಿನ ಚರ್ಮದ ತಿದಿ, ಮಡಿಕೆ ಮಡಿಕೆಯಾಗಿ ಚಾಚುತ್ತಿತ್ತು, ಮುದುಡುತ್ತಿತ್ತು. “ಫೋಟೋ ತೆಗಿಯೂಕಿಂತ ಮೊದ್ಲ ತಿದಿಯಾಗ ತೂತ ನೋಡ್ರಿ. ಸಣ್ಣ ಸೂಜಿ ಮೊನಿಯಷ್ಟಿದ್ರೂ ಫೋಟೋ ಖಲಾಸ್,” ಎಂದು ಚಾಚಾ ಹೇಳಿ ಕಳಿಸಿದ್ದರು.

ತೂತು ನೋಡುವ ಕೆಲಸ ನನ್ನದು. ಕಾಕಾನ ಕಣ್ಣು ಆಗಲೇ ಮಂಜಾಗಿತ್ತು. ಹಿಂದಿನ ಗಾಜು ತೆಗೆದು, ಅಲ್ಲಿ ನನ್ನ ಮುಖವಿಟ್ಟು, ಮೇಲೆ ಕರಿ ಬಟ್ಟೆ ಹೊದಿಸುತ್ತಿದ್ದ. ಹೊರಗಿನಿಂದ ಬ್ಯಾಟರಿ ಬೆಳಕನ್ನು ಒಂದೊಂದೇ ಮಡಿಕೆಯ ಮೇಲೆ ಸರಿಸುತ್ತ ಕೇಳುತ್ತಿದ್ದ: “ಐತೇನವಾ?” ಒಳಗಿನ ಕತ್ತಲಲ್ಲಿ ಚುಕ್ಕೆಯೊಂದು ಹೊಳೆದರೆ ನಾನು “ಐತಿ ಕಾಕಾ” ಅನ್ನಬೇಕು, ಅವನು ಅಲ್ಲಿ ಕರಿ ಬಣ್ಣ ಹಚ್ಚುತ್ತಿದ್ದ. ಹೊಳೆಯದಿದ್ದರೆ “ಇಲ್ಲ.” ಇಷ್ಟೇ ಸಂಭಾಷಣೆ.

ಆ ಕ್ಯಾಮೆರಾಕ್ಕೆ ಹೊಂದುವ ಫಿಲ್ಮು ಊರಲ್ಲಿ ಸಿಗುತ್ತಿರಲಿಲ್ಲ. ಪರಿಚಯದ ದವಾಖಾನೆಯೊಂದರಿಂದ ಎಕ್ಸ್‌ರೇ ಫಿಲ್ಮು ತಂದು ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದ. ದವಾಖಾನೆಗೆ ಕಂಪ್ಯೂಟರ್ ಬಂದ ಮೇಲೆ ಅದೂ ನಿಂತಿತು. ಕೊನೆಗೆ ಉಳಿದದ್ದು ಒಂದೇ ಹಾಳೆ. ಅದನ್ನು ಅಜ್ಜಿಗೆಂದು ಎತ್ತಿಟ್ಟಿದ್ದ.

ಅಜ್ಜಿ ವಾದದಲ್ಲಿ ನನಗೂ ಗುರು. “ಮೊಬೈಲ್ದಾಗ ಟಕ್ ಅಂತ ಬರ್ತೈತಿ. ಇದಕ್ಕ ನಾ ಗ್ವಾಡಿಯಂಗ ಕುಂದರಬೇಕೇನೋ?”

“ಮೊಬೈಲ್ದಾಗ ಒಂದರಾಗೂ ನೀ ಬಾಯಿ ಮುಚ್ಚಿಲ್ಲ ಅವ್ವಾ. ಒಂದ ಸರ್ತಿ ಸುಮ್ನ ಕುಂತದ್ದು ನನಗ ಬೇಕು.”

ಬಹಳ ದಿನ ಕಾಡಿದ ಮೇಲೆ ಅಜ್ಜಿ ಒಪ್ಪಿದಳು. ಆವತ್ತು ಮಧ್ಯಾಹ್ನ ಕಾಕಾ ಎಂದಿನಂತೆ ನನ್ನನ್ನು ಬಟ್ಟೆಯೊಳಗೆ ಕಳಿಸಿದ. ಮರುದಿನ ಸಾಲಿಯಲ್ಲಿ ಚರ್ಚಾಸ್ಪರ್ಧೆ. ವಿಷಯ ಅದೇ, ವಿಜ್ಞಾನ ವರವೋ ಶಾಪವೋ. ನನಗೆ ಹನ್ನೆರಡು ವರ್ಷ. ಒಳಗೆ ಉಸಿರುಗಟ್ಟುವ ಶಕೆ. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಭಾಷಣ ಒಪ್ಪಿಸುತ್ತಿದ್ದೆ. “ಐತೇನವಾ?” “ಇಲ್ಲ.” “ಐತೇನವಾ?” “ಇಲ್ಲ.” ಒಂದು ಮಡಿಕೆಯನ್ನೂ ನೋಡಲಿಲ್ಲ.

ಹಿತ್ತಲಲ್ಲಿ ನೀಲಿ ಇಳಕಲ್ ಸೀರೆಯುಟ್ಟು ಅಜ್ಜಿ ಕುಳಿತಳು. ಕಾಕಾ ನಾಲ್ಕರವರೆಗೆ ಎಣಿಸುವಷ್ಟು ಹೊತ್ತು ಅವಳ ತುಟಿ ಅಲುಗಲಿಲ್ಲ, ರೆಪ್ಪೆಯೂ. ಹಾಗೆ ಅವಳನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಎರಡು ದಿನ ಬಿಟ್ಟು ಚಿತ್ರ ಕೈಗೆ ಬಂದಾಗ, ಬಲಮೂಲೆಯಿಂದ ಒಂದು ಬಿಳಿ ಪಟ್ಟಿ ಅವಳ ಹಣೆ ದಾಟಿ ಕಣ್ಣನ್ನು ನುಂಗಿತ್ತು. “ಅಯ್ಯ, ಕಣ್ಣಾಗ ಟ್ಯೂಬ್‌ಲೈಟ್ ಹಚ್ಚೀಯಲ್ಲೋ!” ಎಂದು ಅಜ್ಜಿ ನಕ್ಕಳು. ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿ ಒಂದೇ ಸಲ ಕೇಳಿದ: “ತಿದಿಯಾಗ ಏನೂ ಇದ್ದಿಲ್ಲಲ್ಲವಾ?”

ನಾನು ವಾದ ಹೂಡಿದೆ. ಫಿಲ್ಮಿನ ಅವಧಿ ಮುಗಿದು ಎಷ್ಟು ಕಾಲವಾಯಿತು? ಅದನ್ನು ತೊಳೆಯುವ ಔಷಧ ಹಳೆಯದಲ್ಲವೇ? ಫಿಲ್ಮು ಹಾಕುವ ಕಟ್ಟಿಗೆ ಚೌಕಟ್ಟು ಮಳೆಗಾಲದಲ್ಲಿ ಬಾಗಿದ್ದನ್ನು ನೀನೇ ಹೇಳಿದ್ದೆಯಲ್ಲ? ಕಾಕಾ ಪೂರ್ತಿ ಕೇಳಿಸಿಕೊಂಡ. “ನೀ ಅನ್ನೂದ ಖರೇ ಇರಬೇಕು,” ಎಂದು ಚೌಕಟ್ಟನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಕ್ಯಾಮೆರಾಗಳನ್ನು ಒರೆಸಿದ, ಬಂದವರಿಗೆ ತೋರಿಸಿದ. ಫೋಟೋ ಮಾತ್ರ ತೆಗೆಯಲಿಲ್ಲ. ಸ್ಪರ್ಧೆಯನ್ನೂ ನಾನೇ ಗೆದ್ದೆ. ಬಹುಮಾನದ ಆ ಕಪ್ಪು ಈಗ ಎಲ್ಲಿದೆಯೋ ಗೊತ್ತಿಲ್ಲ.

ಮುಂದಿನ ಮಳೆಗಾಲ ಅಜ್ಜಿ ಹೋದಳು. ಗೋಡೆಗೆ ಹಾಕಲು ಮೊಬೈಲಿನ ಚಿತ್ರವೇ ಗತಿಯಾಯಿತು; ಅದರಲ್ಲಿ ಅವಳ ಬಾಯಿ ತೆರೆದಿದೆ. ಹೋದ ವರ್ಷ ಕಾಕಾನೂ ಹೋದ. ಹತ್ತು ಕ್ಯಾಮೆರಾಗಳನ್ನು ಬೇರೆ ಬೇರೆ ಹವ್ಯಾಸಿಗಳು ಒಯ್ದರು. ಚಾಚಾನದನ್ನು ನಾನು ಬಿಡಲಿಲ್ಲ. ಯಾಕೆ ಎಂದು ಮನೆಯವರು ಕೇಳಿದಾಗ, ಅದನ್ನು ಕರಿ ಬಟ್ಟೆಯ ಜೊತೆ ಕಾಕಾನ ಟ್ರಂಕಿನಲ್ಲಿಟ್ಟು ಮುಚ್ಚಿದೆ.

ಮೊನ್ನೆ ಅದನ್ನು ಮೇಜಿನ ಮೇಲಿಟ್ಟು, ತಿದಿ ಚಾಚಿ, ಕರಿ ಬಟ್ಟೆ ಹೊದ್ದೆ. ಹೊರಗೆ ಕೈ ಚಾಚಿ ಮೊಬೈಲಿನ ಬೆಳಕನ್ನು ನಾನೇ ಸರಿಸಿದೆ. ಒಂದು ಮಡಿಕೆ, ಎರಡು. ಮೂರನೆಯದರ ಮೂಲೆಯಲ್ಲಿ ಚುಕ್ಕೆ ಹೊಳೆಯಿತು. ಇದು ಆಮೇಲೆ ಬಿದ್ದ ತೂತಿರಬಹುದು; ಇಷ್ಟು ವರ್ಷದಲ್ಲಿ ಚರ್ಮ ಒಣಗಿ ಸೀಳದೇ ಇದ್ದೀತೇ? ಹಾಗೆ ವಾದಿಸಬಹುದು, ಗೆಲ್ಲಲೂಬಹುದು. ಆದರೆ ಆವತ್ತು ನಾನು ಕಣ್ಣು ತೆರೆದಿರಲಿಲ್ಲ.

ಬಟ್ಟೆಯೊಳಗೆ ಅದೇ ಶಕೆ, ಅದೇ ವಾಸನೆ. ಹೊರಗಿನಿಂದ ಯಾರೂ ಏನೂ ಕೇಳಲಿಲ್ಲ.

“ಐತಿ ಕಾಕಾ,” ಎಂದೆ.