ಜಾಲರಿಯ ಮುಂದೆ ಒಂದು ಎಳೆ

ನನ್ನ ಗಂಡ ತೀರಿಕೊಂಡ ಮೂರನೆಯ ದಿನ, ಹಾಲು ತುಪ್ಪ ಬಿಟ್ಟು ಬಂದವರು ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದಾಗ ನನ್ನ ಮೈದುನ ಒಂದು ಮಾತು ಹೇಳಿದ.

"ಅಣ್ಣನ ಕಾರೂ ಹೀಟು, ಅಣ್ಣನೂ ಹೀಟು. ಕಾರಿನ ಬಾನೆಟ್ ದಿನಾ ಎತ್ತಿ ನೋಡ್ತಿದ್ದ, ತನ್ನದು ನೋಡ್ಕೊಳ್ಳಲೇ ಇಲ್ಲ."

ಇಬ್ಬರು ಮೂವರು ತಲೆಯಾಡಿಸಿದರು. ಒಬ್ಬರಂತೂ, ಎಂಥಾ ಮಾತು ಅಂದುಬಿಟ್ಟ ಎನ್ನುವಂತೆ ಲೋಟ ಕೆಳಗಿಟ್ಟರು. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ, ಹನ್ನೊಂದನೆಯ ದಿನದವರೆಗೂ ಬಂದವರಿಗೆಲ್ಲ ಅದನ್ನೇ ಬಡಿಸಿದ. ಎದೆ ಉರಿ ಎಂದು ಮೂರು ದಿನ ಸೋಡಾ ಕುಡಿದು ಸತ್ತ ಮನುಷ್ಯನಿಗೂ ನೀರು ಸೋರುವ ಕಾರಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿಯದು.

ನಾನು ಒಳಗೆ ನಿಂತು ಕೇಳಿಸಿಕೊಂಡೆ. ಏನೂ ಅನ್ನಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ದೊಡ್ಡಬಳ್ಳಾಪುರದ ಈ ಮನೆಗೆ ಬಂದವಳು ನಾನು. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮುಗಳಿವೆ. ಆ ಸದ್ದಿನಲ್ಲಿ ಇಪ್ಪತ್ತೆರಡು ವರ್ಷ ಕಳೆದರೆ ಯಾರಿಗಾದರೂ ಮಾತು ಕಡಿಮೆಯಾಗುತ್ತದೆ.

ಮಗ್ಗಗಳು ಮನೆತನದವು, ಪಾಲಿಗೆ ಬಂದವು. ಆ ಹಳೆಯ ಬಿಳಿ ಕಾರನ್ನು ಮಾತ್ರ ನನ್ನ ಗಂಡ ತಾವೇ ಆಸೆಪಟ್ಟು ತಂದಿದ್ದರು. ಸೈಟು ವಿಂಗಡಿಸಿ ಖಾಲಿ ಬಿಟ್ಟಿದ್ದ ಲೇಔಟಿನ ರಸ್ತೆಗಳಲ್ಲಿ ನನಗೆ ಓಡಿಸಲು ಕಲಿಸಿದವರೂ ಅವರೇ. ಆದರೆ ಬಾನೆಟ್ ಎತ್ತಿದಾಗ ಹತ್ತಿರ ಬಿಡುತ್ತಿರಲಿಲ್ಲ. "ನಿಂಗ್ಯಾಕೆ ಅದು? ಒಳಗೆ ಕೂತು ಮುಳ್ಳು ನೋಡ್ತಿರು ಸಾಕು" ಎನ್ನುತ್ತಿದ್ದರು. ಶಾಖ ತೋರಿಸುವ ಮುಳ್ಳು ಅರ್ಧ ದಾಟಿದರೆ ನಾನು ಹೇಳಬೇಕು, ಅವರು ನಿಲ್ಲಿಸಿ ನೀರು ಹಾಕಬೇಕು. ಇಷ್ಟೇ ನನ್ನ ಕೆಲಸ. ಹಾಗೆ ದೂರ ಇಟ್ಟಿದ್ದಕ್ಕೆ ಅವರ ಮೇಲೂ ನನಗೆ ತಾತ್ಸಾರವಿದೆ. ಸತ್ತವರೆಂದು ಅದನ್ನು ಮುಚ್ಚಿಡಲಾರೆ.

ಹನ್ನೊಂದನೆಯ ದಿನ ಅಡುಗೆಯ ಪಾತ್ರೆ ತರಲೆಂದು ಮೈದುನ, ತನ್ನ ಹೊಸ ಕಾರಿನ ಸೀಟು ಹಾಳಾದೀತೆಂದು, ಆ ಕಾರನ್ನು ದೇವನಹಳ್ಳಿಗೆ ಒಯ್ದ. ಬರುವಾಗ ಮುಳ್ಳು ಕೆಂಪು ಗೆರೆಗೆ ಹೋಗಿದೆ. ಇವನು ನಿಲ್ಲಿಸಿಲ್ಲ. "ಇನ್ನು ಸ್ವಲ್ಪ ದೂರ ತಾನೆ ಅಂದ್ಕೊಂಡೆ ಅತ್ತಿಗೆ" ಎಂದ. ಇಂಜಿನ್ ಒಳಗೇ ಸುಟ್ಟು, ತಿರುಗದಂತೆ ಹಿಡಿದುಕೊಂಡುಬಿಟ್ಟಿತು. ನನ್ನ ಗಂಡ ವರ್ಷಗಟ್ಟಲೆ ನೀರು ಹಾಕಿ, ನಿಲ್ಲಿಸಿ, ಕಾದು ಉಳಿಸಿಕೊಂಡಿದ್ದನ್ನು ಇವನು ಒಂದು ಮಧ್ಯಾಹ್ನದಲ್ಲಿ ಮುಗಿಸಿ, ಪಾತ್ರೆಗಳನ್ನು ಆಟೋದಲ್ಲಿ ತಂದ.

ನಾಚಿಕೆಗೋ ಏನೋ, ಬೇರೆ ಇಂಜಿನ್ ಹಾಕಿಸಿಕೊಡುತ್ತೇನೆಂದು ತಾನೇ ಮುಂದಾದ. ಬೈಪಾಸಿನ ಪಕ್ಕ ಅವನಿಗೆ ಗೊತ್ತಿದ್ದ ಒಬ್ಬ ಮೆಕ್ಯಾನಿಕ್. ಅಪಘಾತದಲ್ಲಿ ಜಖಂ ಆಗಿದ್ದ ಅದೇ ಮಾದರಿಯ ಕಾರಿನ ಇಂಜಿನ್ ತರಿಸಿ, ಸರಪಳಿ ಕಟ್ಟಿ ನಮ್ಮದನ್ನು ಮೇಲಕ್ಕೆತ್ತಿ, ಅದನ್ನು ಇಳಿಸಿದ. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ನೀರು ತಣಿಸುವ ರೇಡಿಯೇಟರಿನ ಹಿಂದಿರುವ ಫ್ಯಾನಿನ ಪ್ಲಗ್ ಪುಡಿಯಾಗಿದೆಯೆಂದು ವೈರು ಕತ್ತರಿಸಿ, ಹಲ್ಲಿನಲ್ಲಿ ಸಿಪ್ಪೆ ಸುಲಿದು, ಹೊಸೆದು ಟೇಪು ಸುತ್ತಿದ. ನಮ್ಮ ಹಳೆಯ ಇಂಜಿನ್ನಿನ ಒಂದೊಂದು ಬೋಲ್ಟಿನ ಮೇಲೂ ಹಳದಿ ಬಣ್ಣದ ಗೀಟು ಇತ್ತು. ಸಡಿಲವಾದರೆ ಗೀಟು ಮುರಿದು ಗೊತ್ತಾಗಲಿ ಎಂದು ಮಗ್ಗಕ್ಕೆ ಹಾಕುವಂತೆಯೇ ನನ್ನ ಗಂಡ ಹಾಕಿದ್ದು. ಮುಂದಿನ ವಾರ ಹೋದಾಗ ಗೇಟು ಗಾಳಿಗೆ ಬಡಿಯದಿರಲೆಂದು ಆ ಇಂಜಿನ್ನನ್ನೇ ಅದಕ್ಕೆ ಒರಗಿಸಿದ್ದರು.

ಹೊಸ ಇಂಜಿನ್ ಕೂತ ಮೇಲೂ ಕಾರು ಕುದಿಯಿತು. ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಗಂಟೆಗಟ್ಟಲೆ ನಿಂತರೂ ಏನೂ ಇಲ್ಲ. ಹೈವೇಯಲ್ಲಿ ಜೋರಾಗಿ ಹೋದರೂ ಇಲ್ಲ. ಬಾಶೆಟ್ಟಿಹಳ್ಳಿಯಲ್ಲಿ ಫ್ಯಾಕ್ಟರಿಗಳ ಶಿಫ್ಟು ಬಿಡುವ ಹೊತ್ತಿಗೆ ಬಸ್ಸುಗಳ ಹಿಂದೆ ತೆವಳಿಕೊಂಡು ಹೋದರೆ ಮಾತ್ರ ಮುಳ್ಳು ಏರುತ್ತಿತ್ತು. ಮೊದಲ ಸಲ ಮೆಕ್ಯಾನಿಕ್, ನೀರು ಬಿಸಿಯಾಗುವ ತನಕ ತಡೆದಿಡುವ ವಾಲ್ವನ್ನು ಕಿತ್ತು ಬಿಸಾಡಿದ. "ಇದು ಚಳಿ ದೇಶದೋರಿಗೆ ಅಕ್ಕ, ನಮಗ್ಯಾಕೆ?" ಕಾರು ಮಾಡಿದವರಿಗಿಂತ ಬೈಪಾಸಿನ ಪಕ್ಕದ ಶೆಡ್ಡಿಗೆ ಹೆಚ್ಚು ಗೊತ್ತು. ಎರಡನೆಯ ಸಲ ರೇಡಿಯೇಟರ್ ಬಿಚ್ಚಿ ತೊಳೆದ. ಮೂರನೆಯ ಸಲ ನನ್ನನ್ನು ಬಿಟ್ಟು ಮೈದುನನ ಕಡೆ ತಿರುಗಿದ.

"ಅಣ್ಣ, ಗಾಡೀಲಿ ಏನೂ ಇಲ್ಲ. ಅಕ್ಕ ಓಡ್ಸೋದ್ರಲ್ಲೇ ಐತೆ. ಲೇಡೀಸು ಕ್ಲಚ್ಚು ಒತ್ಕೊಂಡೇ ಓಡಿಸ್ತಾರೆ."

ಮೈದುನ ಗಂಭೀರವಾಗಿ ತಲೆಯಾಡಿಸಿದ, ಇಂಜಿನ್ ಸುಟ್ಟವನು ತಾನಲ್ಲವೆಂಬಂತೆ. "ಇನ್ನೊಂದು ಸಲ ನೋಡೋಣ ಅತ್ತಿಗೆ. ಆಗ್ಲೂ ಕುದಿದ್ರೆ ಸೋಮವಾರ ಗುಜರಿಯವನಿಗೆ ಹೇಳಿದೀನಿ, ಬಂದು ಎತ್ಕೊಂಡು ಹೋಗ್ತಾನೆ. ಎಷ್ಟು ದಿನ ಅಂತ ಇದನ್ನ ಇಟ್ಕೊಂಡು ಅಳ್ತೀರಾ?"

ಆಗಲೂ ನಾನು ಸುಮ್ಮನಿದ್ದೆ. ಸುಮ್ಮನಿದ್ದುದನ್ನು ಅವನು ಒಪ್ಪಿಗೆಯೆಂದುಕೊಂಡ. ತಪ್ಪು ಅವನದಲ್ಲ. ಅಷ್ಟು ದಿನವೂ ಹಾಗೇ ಆಗಿತ್ತು.

ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಕರೆಂಟು ಹೋಗಿ ಲೈನ್‌ಮನ್ ಕಂಬ ಹತ್ತಿದ. ಅವನು ಇಳಿದ ಮೇಲೆ ನಮ್ಮ ಬೀದಿಯಲ್ಲಿ ಯಾರೂ ತಕ್ಷಣ ಮಗ್ಗ ಹಾಕುವುದಿಲ್ಲ. ಜೋಡಿಸುವಾಗ ಎರಡು ತಂತಿ ಅದಲು ಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ, ಸೀರೆ ಹಾಳಾಗುತ್ತದೆ. ನನ್ನ ಗಂಡ ಮೊದಲು ಗೋಡೆಯಲ್ಲಿದ್ದ ದೊಡ್ಡ ಫ್ಯಾನು ಹಾಕಿ, ಅದರ ಮುಂದೆ ರೇಷ್ಮೆಯ ಒಂದು ಎಳೆ ಹಿಡಿಯುತ್ತಿದ್ದರು. ಎಳೆ ಫ್ಯಾನಿನ ಕಡೆಗೆ ಹೋದರೆ ಸರಿ, ಧೂಳು ಹೊರಕ್ಕೆ ಹೋಗುತ್ತಿದೆ. ಮುಖಕ್ಕೆ ಬಂದರೆ ಎಲ್ಲ ಉಲ್ಟಾ. ನಾನೂ ಹಾಗೇ ಹಿಡಿದೆ. ಎಳೆ ಹಾರಿಬಂದು ನನ್ನ ಕೆನ್ನೆಗೆ ಅಂಟಿತು.

ಎಲೆಕ್ಟ್ರಿಷಿಯನ್ನಿಗೆ ಹೇಳಿಕಳಿಸಿ ಅಲ್ಲೇ ಕೂತೆ. ಆಗ ನೆನಪಾಯಿತು. ಅವರಿದ್ದಾಗ ರೈಲ್ವೆ ಗೇಟಿನಲ್ಲಿ ನಿಂತರೆ ರಸ್ತೆಯ ಪ್ಲಾಸ್ಟಿಕ್ ಕವರುಗಳು ಕಾರಿನ ಮುಂದಿನ ಜಾಲರಿಗೆ ಅಂಟಿಕೊಳ್ಳುತ್ತಿದ್ದವು. ಇಳಿದು ಕಿತ್ತು ಹಾಕುತ್ತಿದ್ದವಳು ನಾನೇ. ಹೊಸ ಇಂಜಿನ್ ಬಂದಮೇಲೆ ಒಂದು ಕವರೂ ಅಂಟಿರಲಿಲ್ಲ. ಹಲ್ಲಿನಲ್ಲಿ ಸುಲಿದ ಆ ಎರಡು ವೈರು ಕಣ್ಣಮುಂದೆ ಬಂತು.

ಎಳೆಯನ್ನು ಬೆರಳಿಗೆ ಸುತ್ತಿಕೊಂಡು, ಅಲ್ಲಿಗೇ ಬಾ ಎಂದು ಮೈದುನನಿಗೆ ಫೋನ್ ಮಾಡಿ, ಕಾರು ತೆಗೆದುಕೊಂಡು ಬೈಪಾಸಿಗೆ ಹೋದೆ.

"ಏನಕ್ಕಾ, ಮತ್ತೆ ಕುದೀತಾ?" ಮೆಕ್ಯಾನಿಕ್ ಹಲ್ಲು ಬಿಟ್ಟ.

"ಇಂಜಿನ್ ಆಫ್ ಮಾಡಲ್ಲ. ಫ್ಯಾನ್ ತಿರುಗೋವರೆಗೂ ಹೀಗೇ ಇರ್ಲಿ."

"ಫ್ಯಾನ್ ತಿರುಗ್ತೈತಕ್ಕಾ. ನಾನೇ ನೋಡಿದೀನಿ."

"ತಿರುಗುತ್ತೆ. ಯಾವ ಕಡೆಗೆ?"

ಅವನು ಮೈದುನನ ಮುಖ ನೋಡಿದ. ಮೈದುನ ನಕ್ಕ. "ಅತ್ತಿಗೆ, ಇದೇನು ನಮ್ಮ ಶೆಡ್ಡಿನ ಮಗ್ಗ ಅಂದ್ಕೊಂಡ್ರಾ?"

ಫ್ಯಾನು ತಿರುಗತೊಡಗಿತು. ನಾನು ಜಾಲರಿಯ ಮುಂದೆ ಬಗ್ಗಿ ಎಳೆ ಹಿಡಿದೆ. ಗಾಳಿಯನ್ನು ಒಳಗೆಳೆಯಬೇಕಾದ ಫ್ಯಾನು ಎಳೆಯನ್ನು ನೇರ ನನ್ನ ಕಡೆಗೆ ನೂಕಿತು. ನಿಂತಾಗ ಹೊರಮುಖವಾಗಿಯಾದರೂ ಗಾಳಿ ಆಡುತ್ತದೆ; ಕಾರು ಮೆಲ್ಲಗೆ ಹೋಗುವಾಗ ರಸ್ತೆಯ ಗಾಳಿ ಒಳಕ್ಕೆ ಬರುತ್ತದೆ, ಇದು ಹೊರಕ್ಕೆ ದಬ್ಬುತ್ತದೆ. ಎರಡೂ ಎದುರುಬದುರಾಗಿ ರೇಡಿಯೇಟರಿಗೆ ಗಾಳಿಯೇ ಇಲ್ಲ. ವಿವರಿಸಲು ನಾನು ಹೋಗಲಿಲ್ಲ. ಎಳೆಯನ್ನು ಹಿಡಿದುಕೊಂಡೇ ಇದ್ದೆ. ಇಬ್ಬರೂ ಅದನ್ನು ನೋಡಿದರು.

"ಇದು ಆ ಹಳೇ ಗಾಡಿ ವೈರಿಂಗ್ ಪ್ರಾಬ್ಲಮ್ಮು" ಎಂದ ಮೆಕ್ಯಾನಿಕ್. ಆಮೇಲೆ, "ನಾನೂ ಇವತ್ತು ಅದನ್ನೇ ಚೆಕ್ ಮಾಡೋಣ ಅಂತಿದ್ದೆ ಅಣ್ಣ." ಟೇಪು ಬಿಚ್ಚಿ ಎರಡು ವೈರು ಅದಲು ಬದಲು ಮಾಡಿದ. ಮೈದುನ ಟೀ ಕುಡಿದು ಮುಗಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಕ್ಲಚ್ಚಿನ ಮಾತು ಮತ್ತೆ ಬರಲಿಲ್ಲ.

ಅವತ್ತೇ ಸಂಜೆ, ಶಿಫ್ಟು ಬಿಡುವ ಹೊತ್ತಿಗೆ, ಬಾಶೆಟ್ಟಿಹಳ್ಳಿಯ ಬಸ್ಸುಗಳ ಹಿಂದೆ ಕಾರನ್ನು ನುಗ್ಗಿಸಿದೆ. ನಾನು ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ಮೈದುನ, ಮುಳ್ಳಿಗೆ ಕಣ್ಣು ನೆಟ್ಟು. ಅದು ಏರಲಿ ಎಂದು ಅವನು ಕಾಯುತ್ತಿದ್ದನೆಂದು ಈಗಲೂ ಅನ್ನುತ್ತೇನೆ. ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ತೆವಳಿದೆವು. ಮುಳ್ಳು ಅರ್ಧ ದಾಟಲಿಲ್ಲ.

"ಇವತ್ತು ಮೋಡ ಅಲ್ವಾ ಅತ್ತಿಗೆ, ಅದಕ್ಕೆ" ಎಂದ ಕೊನೆಗೆ.

"ಹೂಂ. ಮೋಡ. ಇಳಿಯಪ್ಪಾ, ನಿನ್ನ ಬೀದಿ ಬಂತು."

ಸೋಮವಾರ ಗುಜರಿಯವನು ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಬರಬೇಡ ಎಂದು ಹೇಳುವಷ್ಟು ಸೌಜನ್ಯವೂ ಮೈದುನನಿಗೆ ಇರಲಿಲ್ಲ. "ಹೇಳಿದೋರ ಮನೆ ಮುಂದೆ ಒಂದು ಹೊಸ ಕಾರು ನಿಂತಿದೆ, ಅದನ್ನ ಎತ್ಕೊಂಡು ಹೋಗಪ್ಪ" ಎಂದೆ. ಅವನು ನಕ್ಕು ಟೆಂಪೋ ತಿರುಗಿಸಿದ. ಇಷ್ಟು ಸುಲಭದ ಮಾತನ್ನು ಆಡಲು ನನಗೆ ಅಷ್ಟೊಂದು ದಿನ ಹಿಡಿಯಿತೆಂದು ನೆನೆದರೆ ಮೈದುನನಿಗಿಂತ, ಮೆಕ್ಯಾನಿಕ್ಕಿಗಿಂತ ನನ್ನ ಮೇಲೇ ಹೆಚ್ಚು ಅಸಹ್ಯವಾಗುತ್ತದೆ.

ಟೆಂಪೋ ಹೋದ ಮೇಲೆ ಶೆಡ್ಡಿನ ಕಪಾಟಿನಲ್ಲಿದ್ದ ಹಳದಿ ಬಣ್ಣದ ಡಬ್ಬಿ ತಂದೆ. ಗಟ್ಟಿಯಾಗಿತ್ತು. ಟರ್ಪಂಟೈನ್ ಹಾಕಿ ಕಲಸಿದೆ. ಬಾನೆಟ್ ಎತ್ತಿ, ಕಡ್ಡಿಯಿಂದ ಆ ಹೊಸ ಇಂಜಿನ್ನಿನ ಬೋಲ್ಟುಗಳಿಗೆ ಒಂದೊಂದಾಗಿ ಗೀಟು ಹಾಕಿದೆ. ಅವರ ಗೀಟುಗಳಂತೆ ನೇರ ಬರಲಿಲ್ಲ, ಅಲ್ಲಲ್ಲಿ ಹರಡಿತು. ನೋಡಿದ್ದರೆ ಬೈಯುತ್ತಿದ್ದರು. ಬೈಯುವವರು ಯಾರೂ ಬರಲಿಲ್ಲ. ಬಣ್ಣ ಒಣಗುವ ತನಕ ಬಾನೆಟ್ ಮುಚ್ಚದೆ ಪಕ್ಕದಲ್ಲೇ ನಿಂತಿದ್ದೆ.