ಈರಪ್ಪನ ಕೆರೆಗೆ ಬಂದ ಮೀಸೆ ಮೀನು

ನವಲಗುಂದ ತಾಲೂಕಿನ ನಮ್ಮೂರಲ್ಲಿ ಬೋರು ಕೊರೆದರೆ ಉಪ್ಪುನೀರು ಬರುತ್ತದೆ. ಕುಡಿಯುವುದಕ್ಕೆ ಇರುವುದು ಒಂದೇ ಕೆರೆ, ಅದನ್ನು ಕಾಯುವುದಕ್ಕೆ ಇದ್ದವನು ಒಬ್ಬನೇ ಈರಪ್ಪ. ಪಂಚಾಯ್ತಿ ಅವನಿಗೆ ಕೊಟ್ಟದ್ದು ಕಾವಲುಗಾರನ ಕೆಲಸ; ಅವನು ನಡೆಸಿದ್ದು ಸಂಸ್ಥಾನ. ನೀರಿಗೆ ಕಾಲಿಡುವಂತಿಲ್ಲ, ಮೆಟ್ಟಿಲ ಮೇಲೆ ಕೂತೇ ಕೊಡ ತುಂಬಬೇಕು. ದಂಡೆಯಲ್ಲಿ ಉಗುಳಿದ ಪಂಚಾಯ್ತಿ ಅಧ್ಯಕ್ಷರಿಂದಲೇ ಕಸ ಗುಡಿಸಿಸಿದ್ದ. ನನಗೂ ಬೈದಿದ್ದಾನೆ, ಸುಮ್ಮನೆ ಸೀನಿದ್ದಕ್ಕೆ.

ಅವನ ಖಾಸಾ ವೈರಿ ಮಹಬೂಬಸಾಬ. ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಈತನಿಗೆ ಮೀನಿನ ಹುಚ್ಚು. ಗಾಳ ಹಿಡಿದು ಕೆರೆಯತ್ತ ಮುಖ ಮಾಡಿದರೆ ಸಾಕು, ಹಣೆತುಂಬ ವಿಭೂತಿಯ ಈರಪ್ಪ, "ಲೇ ಮಹಬೂಬ, ಜೀವಾ ಹಿಂಡಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?" ಎಂದು ಅಟ್ಟಿಸಿಕೊಂಡು ಬರುತ್ತಿದ್ದ.

ಹೀಗಿರುವಾಗ ಹೋದ ವರ್ಷ ಈರಪ್ಪನ ಹೆಂಡತಿ ಕಸ್ತೂರೆವ್ವ ಹರಕೆ ತೀರಿಸಲು ಯಮನೂರಿಗೆ ಹೋದಳು. ಬರುವ ದಾರಿಯಲ್ಲಿ ಒಬ್ಬ ಬಕೆಟ್ಟಿನಲ್ಲಿ ಜೀವಂತ ಮೀನು ಮಾರುತ್ತಿದ್ದ. ಉದ್ದ ಮೀಸೆಯ ಕಪ್ಪು ಮೀನುಗಳು ಬಾಯಿ ತೆರೆದು ಒದ್ದಾಡುತ್ತಿದ್ದವು. ಇರುವೆಯ ಸಾಲು ಕಂಡರೂ ಬಳಸಿ ನಡೆಯುವ ಹೆಂಗಸು ಅವಳು, ಕರುಳು ಚುರ್ರೆಂದಿತು. ಬಕೆಟ್ ಸಮೇತ ಕೊಂಡು ತಂದು, ಗಂಡ ಮಧ್ಯಾಹ್ನ ತೂಕಡಿಸುವ ಹೊತ್ತು ನೋಡಿ ಕೆರೆಗೆ ಬಿಟ್ಟಳು. ಇಷ್ಟು ಜೀವ ಉಳಿಸಿದ ಖುಷಿಗೆ ಒಳ್ಳೆಯ ನಿದ್ದೆ ಬಂತಂತೆ.

ಮೀಸೆ ಮೀನುಗಳಿಗೆ ಪುಣ್ಯದ ಚಿಂತೆ ಇರಲಿಲ್ಲ, ಹಸಿವಿತ್ತು. ವರ್ಷ ತುಂಬುವುದರೊಳಗೆ ಸಣ್ಣ ಮೀನು, ಕಪ್ಪೆಮರಿ ಎಲ್ಲ ನುಂಗಿ ತೋಳಿನ ಗಾತ್ರ ಬೆಳೆದವು. ಸಣ್ಣ ಮೀನು ಹೋದವು, ಅವು ತಿನ್ನುತ್ತಿದ್ದ ಸೊಳ್ಳೆಮರಿ ಉಳಿದವು. ಹೆಂಗಸರು ನೀರು ಸೋಸುವ ಅರಿವೆಯ ತುಂಬ ಹುಳ ಮಿಜಿಮಿಜಿ ಎನ್ನತೊಡಗಿದವು. ಊರು ಈರಪ್ಪನ ಮೇಲೆ ಹರಿಹಾಯ್ದಿತು. ಕೆರೆಗೆ ಔಷಧ ಸುರಿದೇಬಿಡೋಣ ಎಂದರು ಪಂಚಾಯ್ತಿಯವರು. ಕುಡಿಯುವ ನೀರಿಗೆ ವಿಷ ಬೀಳುತ್ತದಲ್ಲಾ ಎಂದು ಈರಪ್ಪನಿಗೆ ಅನ್ನ ಸೇರದಾಯಿತು.

ಮೀನುಗಾರಿಕೆ ಇಲಾಖೆಯ ಅಮೃತಾ ಮೇಡಂ ಬಂದು ನೋಡಿದರು. "ಔಷಧ ಬ್ಯಾಡ್ರಿ. ಈ ದೊಡ್ಡ ಮೀನು ಹಿಡದ್ ತಗೀರಿ. ದಂಡಿಗುಂಟ ನೀರಾಗಿನ ಹುಲ್ಲು ಮಾತ್ರ ಕೀಳಬ್ಯಾಡ್ರಿ, ಅದರಾಗ ಸ್ವಲ್ಪ ಸಣ್ಣ ಮೀನು ಅಡಗ್ಯಾವ, ತಾವ ಬೆಳೀತಾವ. ಅಲ್ರಿ, ಇವನ್ನ ಯಾರು ತಂದು ಬಿಟ್ರು?"

ಈರಪ್ಪ ಕಟ್ಟೆಯ ಮೇಲೆ ನಿಂತು ಗುಡುಗಿದ: "ಬಿಟ್ಟಾವ್ರು ಯಾರರ ಇರ್ಲಿ, ಅವರ ಮನಿಗೆ ಈ ಕೆರಿ ನೀರು ಬಂದ್! ಒಂದು ತಂಬಿಗಿನೂ ಸಿಗೂದಿಲ್ಲ!"

ಪಕ್ಕದಲ್ಲಿದ್ದ ಕಸ್ತೂರೆವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಊರಲ್ಲಿ ಬಲೆ ಹಾಕಬಲ್ಲವನು ಮಹಬೂಬಸಾಬ ಒಬ್ಬನೇ. ಈರಪ್ಪ ಪಂಕ್ಚರ್ ಅಂಗಡಿಯ ಮುಂದೆ, ಗಾಳಿ ತುಂಬಿದ ಸೈಕಲ್ಲನ್ನೇ ಹಿಡಿದುಕೊಂಡು ಬಹಳ ಹೊತ್ತು ನಿಂತ. ಕೊನೆಗೆ ಬಾಯಿ ಬಿಟ್ಟ.

"ಮಹಬೂಬ, ಕೆರಿಗೆ ಬಾರಪಾ. ಪಾಪ ಏನರ ಬಂದ್ರ ನನಗಿರ್ಲಿ."

"ನೀವ್ಯಾಕ ಹೊರತೀರಿ ಕಾಕಾ? ನಾನ ಸಾರು ಮಾಡ್ಕೊಂಡು ಮುಗಸ್ತೀನಿ."

ನೀರಿಗಿಳಿಯುವಂತಿಲ್ಲವಲ್ಲ, ಎದುರುಬದುರು ದಂಡೆಯಿಂದ ಹಗ್ಗ ಕಟ್ಟಿ ಬಲೆ ಎಳೆಯಬೇಕಾಯಿತು. ಒಂದು ತುದಿಗೆ ಮಹಬೂಬಸಾಬ, ಇನ್ನೊಂದಕ್ಕೆ ಈರಪ್ಪ. ಈರಪ್ಪ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಎಂದಾಗಲೆಲ್ಲ ಹಗ್ಗ ಸಡಿಲ, ಮೀನು ಪರಾರಿ.

"ಕಾಕಾ, ಜಪಾ ಆಮ್ಯಾಲೆ ಮಾಡ್ರಿ, ಮೊದ್ಲ ಹಗ್ಗಾ ಜಗ್ರಿ!"

ಅಂತೂ ಬಲೆ ದಂಡೆಗೆ ಬಂತು. ಮೀನುಗಳು ಒದ್ದಾಡಿದ್ದೇ ತಡ, ಗುಂಪಿನಿಂದ ಕಸ್ತೂರೆವ್ವ ನುಗ್ಗಿ, ಇದ್ದುದರಲ್ಲಿ ಸಣ್ಣದೊಂದನ್ನು ಬಾಚಿ ತನ್ನ ಕೊಡಕ್ಕೆ ಹಾಕಿಕೊಂಡಳು.

"ಕೊಲ್ಲಬ್ಯಾಡ್ರೋ! ಉಳೀಲಿ ಅಂತ ನಾನ ಯಮನೂರಿಂದ ತಂದು ಬಿಟ್ಟಿದ್ನೆಲ್ಲಾ!"

ಊರಿಗೆ ಊರೇ ಈರಪ್ಪನತ್ತ ತಿರುಗಿತು. ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಾನೆಂದೇ ನಾನು ಕಾದಿದ್ದೆ. ಅವನು ಮಹಬೂಬಸಾಬನ ಎದುರು ಹೋಗಿ ನಿಂತ.

"ಇವತ್ತಿಂದ ಕೆರಿ ನೀ ಕಾಯಿ. ನಮ್ಮ ಮನ್ಯಾವ್ರನ್ನ ಹತ್ರ ಬಿಟ್ಕೋಬ್ಯಾಡ. ಆಡಿದ ಮಾತು ಆಡಿದ್ದ."

ಮಹಬೂಬಸಾಬ ತಲೆ ಕೆರೆದುಕೊಂಡು ಸುತ್ತ ನೋಡಿದ.

"ಕಾಯಾವ ನಾ ಅಂದ್ರ ಹುಕುಮೂ ನಂದ ಅಲ್ರಿ? ಕಾಕು, ಆ ಮೀನು ಇತ್ತ ಕೊಡ್ರಿ. ಕೊಡಾ ತೊಳ್ಕೊಂಡು ನೀರು ತುಂಬ್ಕೊಳ್ರಿ."

ಕಸ್ತೂರೆವ್ವ ಅಳುತ್ತಲೇ ಕೊಡ ತೊಳೆದು ತುಂಬಿದಳು. ಈರಪ್ಪ ಅದನ್ನು ತಾನೇ ಹೆಗಲಿಗೇರಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.